ಗುಲಾಬಿ ಆದದ್ದೆಲ್ಲ ಎಂಡಿಎ ಅಲ್ಲ: 96 ವೆಲ್‌ನ ಟಿಬಿಎ ಕಿಟ್ ಕೊಳ್ಳುವ ಮುನ್ನ

ಹಸಿ ಮೀನು, ಹಸಿ ಮಾಂಸ ನೋಡುವ ಲ್ಯಾಬ್ ಆಗಿದ್ದರೆ ಈ ಕಿಟ್ ಕೊಳ್ಳಬಹುದು, ಮುಂದೆ ಹೇಳುವ ಎಚ್ಚರಿಕೆಗಳೊಂದಿಗೆ ಕೆಲಸ ಆಗುತ್ತದೆ. ಬೆಲ್ಲದ ಚಿಕ್ಕಿ, ಮಸಾಲೆ ಹಚ್ಚಿದ ಮೀನು, ಉಪ್ಪಿನಕಾಯಿ, ಸಾಸೇಜ್, ಕಡಲೆಕಾಯಿ ಎಣ್ಣೆ ಇವುಗಳ ಕಮಟು ಅಳೆಯಲು ಅಂತ ಕೊಳ್ಳುವವರು ಮಾತ್ರ ಇದನ್ನು ಪೂರ್ತಿ ಓದಿ ಆಮೇಲೆ ಆರ್ಡರ್ ಹಾಕಿ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಒಂದು ಕಂಪನಿಯ ಕಿಟ್ ಅಲ್ಲ, ಒಂದು ನಮೂನೆ. ಲೇಬಲ್ ಬದಲಾದರೂ ಈ ನಮೂನೆಯ ಪೆಟ್ಟಿಗೆಯೊಳಗಿನ ಸಾಮಾನು ಹೆಚ್ಚುಕಡಿಮೆ ಇದೇ: ಥಯೋಬಾರ್ಬಿಟ್ಯೂರಿಕ್ ಆಸಿಡ್ ಪುಡಿ (ಟಿಬಿಎ), ಅಸಿಟಿಕ್ ಆಸಿಡ್, ಕಾಸ್ಟಿಕ್ ದ್ರಾವಣ, ಎಸ್‌ಡಿಎಸ್ ಎಂಬ ಸೋಪಿನಂಥ ದ್ರಾವಣ, ಸ್ಟ್ಯಾಂಡರ್ಡ್‌ನ (ಹೋಲಿಸಿ ನೋಡಲು ಇಡುವ, ಅಳತೆ ಗೊತ್ತಿರುವ ದ್ರಾವಣ) ಒಂದು ಸಣ್ಣ ಬಾಟಲಿ, ಒಂದು 96 ವೆಲ್ (ಗುಳಿ) ಇರುವ ಪ್ಲೇಟ್.

ಕೊಬ್ಬು ಗಾಳಿಗೆ ಕೆಟ್ಟಾಗ ಹುಟ್ಟುವ ಮಲಾನ್‌ಡೈಆಲ್ಡಿಹೈಡ್‌ನ (ಎಂಡಿಎ) ಒಂದು ಅಣು ಟಿಬಿಎಯ ಎರಡು ಅಣುಗಳನ್ನು ಹಿಡಿದುಕೊಂಡು ಗುಲಾಬಿ ಬಣ್ಣದ ವಸ್ತುವಾಗುತ್ತದೆ. ಅದು 532 ನ್ಯಾನೋಮೀಟರ್ ಬೆಳಕನ್ನು ಗಟ್ಟಿಯಾಗಿ ಹೀರುತ್ತದೆ. ಕೈಪಿಡಿಯ ಕ್ರಮ ಸರಳ: 100 ಮೈಕ್ರೋಲೀಟರ್ ಸ್ಯಾಂಪಲ್, 100 ಮೈಕ್ರೋಲೀಟರ್ ಎಸ್‌ಡಿಎಸ್, 4 ಮಿಲಿ ಟಿಬಿಎ ದ್ರಾವಣ. ಒಂದು ಗಂಟೆ ಕುದಿಯುವ ನೀರಿನಲ್ಲಿಟ್ಟು, ಹತ್ತು ನಿಮಿಷ ಐಸಿನಲ್ಲಿ ತಣಿಸಿ, ಸೆಂಟ್ರಿಫ್ಯೂಜ್ ಮಾಡಿ, 150 ಮೈಕ್ರೋಲೀಟರನ್ನು ಪ್ಲೇಟಿಗೆ ಹಾಕಿ ಓದುವುದು. ಪ್ಲೇಟ್ ಕಿಟ್ ಅಂತ ಹೆಸರಿದ್ದರೂ ಕುದಿಸುವುದು ಟ್ಯೂಬಿನಲ್ಲಿ. 5 ಮಿಲಿಗಿಂತ ದೊಡ್ಡದಾದ, ತಿರುಪು ಮುಚ್ಚಳದ ಟ್ಯೂಬುಗಳು ಪ್ರತಿ ಸ್ಯಾಂಪಲ್‌ಗೂ ಬೇಕು, ಅವು ಪೆಟ್ಟಿಗೆಯಲ್ಲಿ ಬರುವುದಿಲ್ಲ.

ಮೊದಲು ಸೂಕ್ಷ್ಮತೆಯ ಲೆಕ್ಕ ನೋಡೋಣ, ಅಡ್ಡಿಪಡಿಸುವ ವಸ್ತುಗಳ ಕಥೆಯೆಲ್ಲ ಅದರ ಮೇಲೇ ನಿಂತಿದೆ. 100 ಮೈಕ್ರೋಲೀಟರ್ ಸ್ಯಾಂಪಲ್ 4.2 ಮಿಲಿಗೆ ಹೋಗುತ್ತದೆ, ಅಂದರೆ 42 ಪಟ್ಟು ತೆಳುವಾಗುತ್ತದೆ. ಸ್ಯಾಂಪಲ್‌ನಲ್ಲಿ 10 ಮೈಕ್ರೋಮೋಲಾರ್ ಎಂಡಿಎ ಇದ್ದರೆ ಟ್ಯೂಬಿನಲ್ಲಿ ಉಳಿಯುವುದು 0.24. ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ (ಬೆಳಕು ಹಾಯಿಸಿ ಓದುವ ಚಿಕ್ಕ ಪಾತ್ರೆ) ಅದರ ಅಬ್ಸಾರ್ಬೆನ್ಸ್, ಅಂದರೆ ಬೆಳಕು ಹೀರುವ ಅಳತೆ, ಸುಮಾರು 0.037. ಪ್ಲೇಟಿನ ವೆಲ್‌ನಲ್ಲಿ 150 ಮೈಕ್ರೋಲೀಟರ್ ನಿಲ್ಲುವ ಎತ್ತರ ಅರ್ಧ ಸೆಂಟಿಮೀಟರಿಗೂ ಕಮ್ಮಿ, ಆದ್ದರಿಂದ ಅಲ್ಲಿ ಸಿಗುವುದು 0.017ರ ಆಸುಪಾಸು. ಖಾಲಿ ಪ್ಲೇಟಿನ ವೆಲ್ಲುಗಳ ನಡುವಿನ ವ್ಯತ್ಯಾಸವೇ 0.003ರಿಂದ 0.005 ಇರುವಾಗ ಇಷ್ಟು ಸಣ್ಣ ಸಂಖ್ಯೆಯ ಮೇಲೆ ಏನು ತೀರ್ಪು ಕೊಡುವುದು? ಸ್ಟ್ಯಾಂಡರ್ಡ್‌ನ ತುತ್ತತುದಿಯ 50 ಮೈಕ್ರೋಮೋಲಾರ್ ಕೂಡ 0.085 ದಾಟುವುದಿಲ್ಲ. ಹೀಗಿರುವಾಗ ಸ್ಯಾಂಪಲ್‌ನ ಸ್ವಂತ ಬಣ್ಣ ಒಂದಿಷ್ಟು, ಮಸುಕು ಒಂದಿಷ್ಟು ಸೇರಿದರೆ ಸಾಕು, ಎಂಡಿಎ ಅದರಡಿ ಮುಚ್ಚಿಹೋಗುತ್ತದೆ. ಫ್ಲೋರೆಸೆನ್ಸ್ ಓದುವ ಯಂತ್ರವಿದ್ದರೆ 530ರಲ್ಲಿ ಬೆಳಕು ಕೊಟ್ಟು 550ರಲ್ಲಿ ಓದಿ. ಬರೀ ಬಣ್ಣದ ಯಂತ್ರವಿದ್ದರೆ ಪ್ಲೇಟ್ ಬಿಟ್ಟು ಕ್ಯುವೆಟ್‌ಗೆ ಹಾಕಿ. ಟ್ಯೂಬಿನಲ್ಲಿ 4 ಮಿಲಿ ಇದ್ದೇ ಇದೆ, ಅದರಲ್ಲಿ 150 ಮೈಕ್ರೋಲೀಟರ್ ಬಳಸಿ ಉಳಿದದ್ದನ್ನು ಚೆಲ್ಲುವುದರಲ್ಲಿ ಅರ್ಥವಿಲ್ಲ.

ಈಗ ಸಕ್ಕರೆ. ಈ ಕಿಟ್‌ನ ಕೈಪಿಡಿಯಲ್ಲಿ ಅಡ್ಡಿಪಡಿಸುವ ವಸ್ತುಗಳ ಪಟ್ಟಿ ಇದ್ದರೆ ಸಕ್ಕರೆಯ ಹೆಸರು ಒಂದು ಮೂಲೆಯಲ್ಲಿ ಇರುತ್ತದೆ, ಎಷ್ಟು ಅಡ್ಡಿ ಅಂತ ಇರುವುದಿಲ್ಲ. ಆಸಿಡ್‌ನಲ್ಲಿ ಕುದಿಸಿದಾಗ ಸಕ್ಕರೆ ಒಡೆದು ಗ್ಲುಕೋಸ್, ಫ್ರಕ್ಟೋಸ್ ಆಗುತ್ತದೆ. ಫ್ರಕ್ಟೋಸ್ ನೀರು ಕಳೆದುಕೊಂಡು ಫರ್ಫ್ಯೂರಲ್ ಜಾತಿಯ ಆಲ್ಡಿಹೈಡ್ ಆಗುತ್ತದೆ. ಅದೂ ಟಿಬಿಎ ಜೊತೆ ಕೂಡಿಕೊಂಡು ಹಳದಿ, ಕಿತ್ತಳೆ ಬಣ್ಣ ಕೊಡುತ್ತದೆ. ಅದರ ಶಿಖರ 440ರ ಹತ್ತಿರ, ಬಾಲ ಮಾತ್ರ 532ರವರೆಗೂ ಎಳೆದಿರುತ್ತದೆ. ಸಸ್ಯದ ಎಲೆಗಳಿಗಾಗಿ 1999ರಲ್ಲಿ ಬಂದ ತಿದ್ದುಪಡಿ ವಿಧಾನದಲ್ಲಿ ಇದಕ್ಕೆ ಅಳತೆ ಸಿಗುತ್ತದೆ: ಟಿಬಿಎ ಜೊತೆ ಕುದಿಸಿದ ಸಕ್ಕರೆಯ ಮೋಲಾರ್ ಅಬ್ಸಾರ್ಬೆನ್ಸ್ (ಒಂದು ಮೋಲಾರ್ ದ್ರಾವಣ ಒಂದು ಸೆಂಟಿಮೀಟರಿನಲ್ಲಿ ಹೀರುವ ಅಳತೆ) 532ರಲ್ಲಿ 8.4, 440ರಲ್ಲಿ 147. ಎಂಡಿಎಯ 1,57,000ದ ಎದುರು 8.4 ಏನೂ ಅಲ್ಲ ಅನಿಸುತ್ತದೆ. ಆದರೆ ತಿಂಡಿಯಲ್ಲಿ ಎಂಡಿಎ ಮೈಕ್ರೋಮೋಲಾರ್ ಲೆಕ್ಕದಲ್ಲಿದ್ದರೆ ಸಕ್ಕರೆ ಮೋಲಾರ್ ಲೆಕ್ಕದಲ್ಲಿರುತ್ತದೆ.

ಕಡಲೆಕಾಯಿ ಚಿಕ್ಕಿಯನ್ನೇ ತೆಗೆದುಕೊಳ್ಳಿ. 5 ಗ್ರಾಂ ಚಿಕ್ಕಿಯಲ್ಲಿ ಅರ್ಧ ಬೆಲ್ಲ, ಅದನ್ನು ಕೊನೆಯಲ್ಲಿ ಹೇಳುವ ಕಿಟ್ ಇಲ್ಲದ ಕ್ರಮದಂತೆ 20 ಮಿಲಿ ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಸಿಡ್) ದ್ರಾವಣದಲ್ಲಿ ಅರೆದು ಸೋಸಿದ್ದೀರಿ ಅನ್ನೋಣ. ಬೆಲ್ಲವೆಲ್ಲ ಸಕ್ಕರೆ ಎಂದೇ ಹಿಡಿದರೆ ಸೋಸಿದ ದ್ರಾವಣದಲ್ಲಿ ಸಕ್ಕರೆ ಸುಮಾರು 0.36 ಮೋಲಾರ್. ಸಮಪಾಲು ಟಿಬಿಎ ಸೇರಿಸಿದಾಗ 0.18. ಅದನ್ನು 8.4ರಿಂದ ಗುಣಿಸಿದರೆ 1.5 ಅಬ್ಸಾರ್ಬೆನ್ಸ್. ಇದನ್ನೇ ಎಂಡಿಎ ಎಂದು ನಂಬಿ ಲೆಕ್ಕ ಹಾಕಿದರೆ ಕಿಲೋಗೆ ಸುಮಾರು 5.6 ಮಿಲಿಗ್ರಾಂ ಬರುತ್ತದೆ. ಮಾಂಸದಲ್ಲಿ 2 ಮಿಲಿಗ್ರಾಂ ದಾಟಿದರೆ ಸಾಮಾನ್ಯವಾಗಿ ನಾಲಿಗೆಗೇ ಕಮಟು ಗೊತ್ತಾಗುತ್ತದೆ. ನಿನ್ನೆ ಮಾಡಿದ ಚಿಕ್ಕಿ ಕೂಡ ಕಾಗದದ ಮೇಲೆ ತಿನ್ನಲಾಗದಷ್ಟು ಕೆಟ್ಟಿರುತ್ತದೆ, ಬಾಯಿಗೆ ಹಾಕಿಕೊಂಡರೆ ಏನೂ ಆಗಿರುವುದಿಲ್ಲ.

ತಿದ್ದುಪಡಿಗೆ ಮೂರು ತರಂಗಾಂತರ ಬೇಕು: ಸಕ್ಕರೆಗೆ 440, ಎಂಡಿಎಗೆ 532, ಮಸುಕಿಗೆ 600. ಪ್ರತಿ ಸ್ಯಾಂಪಲನ್ನು ಎರಡು ಟ್ಯೂಬಿನಲ್ಲಿ ಕುದಿಸಬೇಕು, ಒಂದರಲ್ಲಿ ಟಿಬಿಎ ಇರುತ್ತದೆ, ಇನ್ನೊಂದರಲ್ಲಿ ಅದೇ ಆಸಿಡ್, ಟಿಬಿಎ ಇಲ್ಲ. ಒಂದು ಉದಾಹರಣೆ. ಟಿಬಿಎ ಇರುವ ಟ್ಯೂಬು 532ರಲ್ಲಿ 0.310, 600ರಲ್ಲಿ 0.020, 440ರಲ್ಲಿ 0.900. ಟಿಬಿಎ ಇಲ್ಲದ ಟ್ಯೂಬು 532ರಲ್ಲಿ 0.060, 600ರಲ್ಲಿ 0.015. ಎರಡರಲ್ಲೂ 532ರಿಂದ 600 ಕಳೆದರೆ 0.290 ಮತ್ತು 0.045, ಅವುಗಳ ವ್ಯತ್ಯಾಸ 0.245. ಸಕ್ಕರೆಯ ಪಾಲು: 0.900ರಿಂದ 0.020 ಕಳೆದು 0.0571ರಿಂದ (8.4ನ್ನು 147ರಿಂದ ಭಾಗಿಸಿದ್ದು) ಗುಣಿಸಿದರೆ 0.050. ಉಳಿದದ್ದು 0.195. ಒಂದು ಸೆಂಟಿಮೀಟರ್ ಕ್ಯುವೆಟ್ ಆದರೆ ಇದು 1.24 ಮೈಕ್ರೋಮೋಲಾರ್ ಎಂಡಿಎ. ತಿದ್ದದೆ ಬರೀ 0.310ನ್ನು ನಂಬಿದ್ದರೆ 1.97 ಬರೆಯುತ್ತಿದ್ದಿರಿ.

ಆದರೆ ಈ 0.0571 ಬಂದದ್ದು ಶುದ್ಧ ಸಕ್ಕರೆಯಿಂದ. ಬೆಲ್ಲದಲ್ಲಿ ಗ್ಲುಕೋಸ್, ಫ್ರಕ್ಟೋಸ್ ಕೂಡ ಇರುತ್ತವೆ, ಅದರ ಕಂದು ಬಣ್ಣ ಬೇರೆ. ಹಾಗಾಗಿ ನಿಮ್ಮ ಬೆಲ್ಲವನ್ನೇ ಕಡಲೆಕಾಯಿ ಇಲ್ಲದೆ ಕುದಿಸಿ, ಎರಡೂ ತರಂಗಾಂತರದಲ್ಲಿ ಓದಿ, ನಿಮ್ಮದೇ ಅನುಪಾತ ಇಟ್ಟುಕೊಳ್ಳಿ. ಇನ್ನೊಂದು ಸೂಕ್ಷ್ಮ: ಮೂಲ ಸೂತ್ರದಲ್ಲಿ 440ರ ಓದಿನಿಂದ ಟಿಬಿಎ ಇಲ್ಲದ ಟ್ಯೂಬಿನ 440 ಕಳೆಯುವುದಿಲ್ಲ. ಅರಿಸಿನ ಬಿದ್ದ ಸ್ಯಾಂಪಲ್‌ನಲ್ಲಿ ಹಾಗೇ ಬಿಟ್ಟರೆ ಅರಿಸಿನದ ಹಳದಿಯೂ ಸಕ್ಕರೆಯ ಖಾತೆಗೆ ಬಿದ್ದು, ನಿಜವಾದ ಎಂಡಿಎ ಕಮ್ಮಿ ಕಾಣುತ್ತದೆ. ಅಂಥಲ್ಲಿ ಅದನ್ನೂ ಕಳೆಯಬೇಕು. ಚಿಕ್ಕಿಯಂಥ ಸ್ಯಾಂಪಲ್‌ನಲ್ಲಿ ಸಕ್ಕರೆಯ ಪಾಲೇ ಎಂಡಿಎಗಿಂತ ಹತ್ತು ಪಟ್ಟು ಇದ್ದಾಗ ಯಾವ ಸೂತ್ರವೂ ಉಳಿಸುವುದಿಲ್ಲ. ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ವಸ್ತುಗಳನ್ನು ಒಂದೊಂದಾಗಿ ಬೇರೆಮಾಡುವ ಯಂತ್ರ) ಗುಲಾಬಿ ವಸ್ತುವನ್ನು ಬೇರ್ಪಡಿಸಿ ಓದಬೇಕು, ಇಲ್ಲವೇ ಎಣ್ಣೆಯನ್ನು ಹೊರತೆಗೆದು ಬೇರೆ ಪರೀಕ್ಷೆಗೆ ಹೋಗಬೇಕು.

ಸ್ಯಾಂಪಲ್‌ನ ಸ್ವಂತ ಬಣ್ಣ ಅಷ್ಟು ಕಷ್ಟದ್ದಲ್ಲ, ಬ್ಲ್ಯಾಂಕ್, ಅಂದರೆ ಟಿಬಿಎ ಇಲ್ಲದ ಟ್ಯೂಬು, ಸರಿಯಾಗಿ ಇಟ್ಟರೆ. ಕರಾವಳಿಯ ಮೀನಿನ ಅಡುಗೆಗೆ ಬೀಳುವ ಮುರುಗಲು ಅಥವಾ ಪುನರ್ಪುಳಿಯ ಕೆಂಪು ಆಂಥೋಸಯಾನಿನ್‌ನದು. ಆಸಿಡ್‌ನಲ್ಲಿ ಅದು ಇನ್ನೂ ಕೆಂಪಾಗಿ 520ರ ಹತ್ತಿರ ಹೀರುತ್ತದೆ, ಅಂದರೆ ನೇರ ಎಂಡಿಎಯ ಅಂಗಳಕ್ಕೇ ಬಂದು ಕೂರುತ್ತದೆ. ಕುದಿಸಿದರೆ ಒಂದಿಷ್ಟು ನಾಶವಾಗುತ್ತದೆ. ಆದ್ದರಿಂದ ಟಿಬಿಎ ಇಲ್ಲದ ಟ್ಯೂಬನ್ನೂ ಅಷ್ಟೇ ಹೊತ್ತು, ಅದೇ ನೀರಿನಲ್ಲಿ ಕುದಿಸಲೇಬೇಕು. ಕುದಿಸದ ಬ್ಲ್ಯಾಂಕ್ ಕಳೆದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುವುದೂ ಉಂಟು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ಅರಿಸಿನದ ಹಳದಿ ಎರಡೂ ನೀರಿಗೆ ಒಗ್ಗದ, ಎಣ್ಣೆಗೆ ಒಗ್ಗುವ ಬಣ್ಣಗಳು. ಟಿಸಿಎ ನೀರಿನಲ್ಲಿ ಅರೆದು ಸೋಸಿದರೆ ಬಹುಪಾಲು ಹಿಂದೆಯೇ ಉಳಿಯುತ್ತವೆ. ಈ ಕಿಟ್‌ನ ಎಸ್‌ಡಿಎಸ್ ಸೋಪಿನ ಜಾತಿಯದ್ದು, ಅದು ಈ ಬಣ್ಣಗಳನ್ನೂ ಕರಗಿಸಿಕೊಂಡು ಟ್ಯೂಬಿನೊಳಗೆ ಕರೆತರುತ್ತದೆ. ಮಸಾಲೆ ಸ್ಯಾಂಪಲ್‌ಗಳಿಗೆ ಈ ನಮೂನೆ ಒಗ್ಗದಿರುವುದಕ್ಕೆ ಇದೇ ದೊಡ್ಡ ಕಾರಣ. ರಕ್ತ ಉಳಿದ ಸ್ಯಾಂಪಲ್‌ದೂ ಇದೇ ಪಾಡು: ಹಿಮೋಗ್ಲೋಬಿನ್ 540ರ ಹತ್ತಿರ ಹೀರುತ್ತದೆ, ಟಿಸಿಎ ಅದನ್ನು ಗಟ್ಟಿಮಾಡಿ ಕೆಳಗೆ ಕೂರಿಸುತ್ತದೆ, ಎಸ್‌ಡಿಎಸ್ ಕೂರಿಸುವುದಿಲ್ಲ.

ವೆನಿಲಿನ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್ ಮುಂತಾದ ಸುವಾಸನೆಯ ಆಲ್ಡಿಹೈಡ್‌ಗಳಿಗೆ ಬ್ಲ್ಯಾಂಕ್ ಏನೂ ಮಾಡಲಾರದು. ಅವು ಟಿಬಿಎ ಇದ್ದಾಗ ಮಾತ್ರ ಬಣ್ಣ ಕೊಡುತ್ತವೆ. ಅದಕ್ಕೇ ಒಂದೇ ತರಂಗಾಂತರದ ಓದನ್ನು ನಂಬಬೇಡಿ. ಹೊಸ ತರಹದ ಸ್ಯಾಂಪಲ್ ಬಂದಾಗಲೆಲ್ಲ 400ರಿಂದ 650ರವರೆಗೆ ಪೂರ್ತಿ ಸ್ಕ್ಯಾನ್ ಹಾಕಿ ಸ್ಟ್ಯಾಂಡರ್ಡ್‌ನ ಗೆರೆಯ ಪಕ್ಕದಲ್ಲಿಟ್ಟು ನೋಡಿ. ಸ್ಟ್ಯಾಂಡರ್ಡ್‌ಗೆ 532ರಲ್ಲಿ ಚೂಪಾದ ಒಂದೇ ಶಿಖರ ಇರುತ್ತದೆ. ಸ್ಯಾಂಪಲ್‌ನಲ್ಲಿ 450ರ ಬಳಿ ಗುಡ್ಡ ಎದ್ದು, 532ರದು ಅದರ ಇಳಿಜಾರಿನ ಮೇಲೆ ಸಣ್ಣ ಉಬ್ಬಾಗಿ ಕಂಡರೆ ಆ ಸಂಖ್ಯೆಯನ್ನು ರಿಪೋರ್ಟಿಗೆ ಬರೆಯಬೇಡಿ.

ಇನ್ನೊಂದು ತೊಂದರೆಯಲ್ಲಿ ಹೊರಗಿನ ವಸ್ತುವೇ ಇರುವುದಿಲ್ಲ, ಕುದಿಸುವ ಕ್ರಿಯೆಯೇ ಎಂಡಿಎ ಹುಟ್ಟಿಸುತ್ತದೆ. ಬಂಗುಡೆ, ಬೂತಾಯಿಯ ಕಪ್ಪು ಮಾಂಸದಲ್ಲಿ ಕಬ್ಬಿಣವೂ ಇದೆ, ಬೇಗ ಕೆಡುವ ಕೊಬ್ಬೂ ಇದೆ. ಒಂದು ಗಂಟೆ ಆಸಿಡ್‌ನಲ್ಲಿ ಕುದಿಸಿದರೆ ಟ್ಯೂಬಿನೊಳಗೇ ಕೊಬ್ಬು ಕೆಡುತ್ತಾ ಹೋಗುತ್ತದೆ. ಐಸಿನಿಂದ ಈಗಷ್ಟೇ ತೆಗೆದ ಮೀನು ಕೂಡ ಹಳಸಿದಂತೆ ಕಾಣುವುದು ಹೀಗೆ. ಬಹುತೇಕ ಕೈಪಿಡಿಗಳಲ್ಲಿ ಕೊಬ್ಬು ಕೆಡದಂತೆ ತಡೆಯುವ ಬಿಎಚ್‌ಟಿಯನ್ನು 'ಬೇಕಿದ್ದರೆ ಸೇರಿಸಿ' ಅಂತ ಬರೆದಿರುತ್ತಾರೆ, ಪೆಟ್ಟಿಗೆಯಲ್ಲಿ ಅದು ಇರುವುದಿಲ್ಲ. ಮೀನಿಗೆ ಅದು ಬೇಕೇ ಬೇಕು. ಎಥನಾಲ್‌ನಲ್ಲಿ 5 ಶೇಕಡ ಬಿಎಚ್‌ಟಿ ಮಾಡಿಟ್ಟುಕೊಂಡು ಸ್ಯಾಂಪಲ್‌ನ ಪ್ರತಿ ಮಿಲಿಗೆ 10 ಮೈಕ್ರೋಲೀಟರ್ ಹಾಕಿ, ಅದೂ ಅರೆಯುವಾಗಲೇ. ಅರೆದ ಮೇಲೆ ಹಾಕಿದರೆ ಅಷ್ಟರಲ್ಲಿ ಕೆಟ್ಟದ್ದು ಕೆಟ್ಟಿರುತ್ತದೆ. ಕಬ್ಬಿಣ ಕಟ್ಟಿಹಾಕಲು 0.1 ಶೇಕಡ ಇಡಿಟಿಎ. ಬಿಎಚ್‌ಟಿ ಹಾಕಿದ್ದು, ಹಾಕದ್ದು ಎರಡನ್ನೂ ಒಮ್ಮೆ ಪಕ್ಕಪಕ್ಕ ಕುದಿಸಿ ನೋಡಿದರೆ ನಿಮ್ಮ ಸ್ಯಾಂಪಲ್‌ನ ಗುಲಾಬಿಯಲ್ಲಿ ಎಷ್ಟು ಪಾಲು ಟ್ಯೂಬಿನಲ್ಲೇ ಹುಟ್ಟಿದ್ದು ಎಂದು ಅಂದಾಜು ಸಿಗುತ್ತದೆ.

ಕುದಿಯುವ ನೀರು ಅಂದೆವು. ಮಂಗಳೂರಿನಲ್ಲಿ ನೀರು ಕುದಿಯುವುದು 100 ಡಿಗ್ರಿಗೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಆಸುಪಾಸಿಗೆ. ಹಳೆಯ ಸ್ಟ್ಯಾಂಡರ್ಡ್ ಗೆರೆಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡು ವರ್ಷವಿಡೀ ಬಳಸುವವರಿಗೆ ಇದು ತೊಂದರೆ ಕೊಡುತ್ತದೆ. ಸ್ಯಾಂಪಲ್ ಜೊತೆಗೇ, ಅದೇ ಪಾತ್ರೆಯಲ್ಲಿ ಸ್ಟ್ಯಾಂಡರ್ಡ್ ಕುದಿಸಿದರೆ ಯಾವ ಊರಾದರೂ ಚಿಂತೆಯಿಲ್ಲ.

ಸಾಸೇಜ್, ಬೇಕನ್‌ಗಳಲ್ಲಿ ಅಡ್ಡಿ ಉಲ್ಟಾ. ಅಲ್ಲಿ ಹಾಕಿದ ನೈಟ್ರೈಟ್ ಆಸಿಡ್‌ನಲ್ಲಿ ಎಂಡಿಎಯನ್ನೇ ಹಿಡಿದು ಟಿಬಿಎಗೆ ಸಿಗದಂತೆ ಮಾಡುತ್ತದೆ, ಕೆಟ್ಟ ಮಾಂಸ ಚೆನ್ನಾಗಿದೆ ಅಂತ ಉತ್ತರ ಬರುತ್ತದೆ. ಸಲ್ಫನಿಲಮೈಡ್ ಹಾಕಿದರೆ ನೈಟ್ರೈಟ್ ಅದರ ಜೊತೆ ಹೋಗುತ್ತದೆ. ಆದರೆ ನೈಟ್ರೈಟ್ ಇಲ್ಲದ ಮಾಂಸಕ್ಕೂ ಅಭ್ಯಾಸಬಲದಿಂದ ಹಾಕಬೇಡಿ. ಅಲ್ಲಿ ಸಲ್ಫನಿಲಮೈಡ್ ತಾನೇ ಎಂಡಿಎಯನ್ನು ಹಿಡಿದು ಓದನ್ನು ಇಳಿಸುತ್ತದೆ.

ಹೀಗೆ ಮುಚ್ಚಿಹೋದ ಎಂಡಿಎಯನ್ನು ಹಿಡಿಯಲು ಇರುವುದು ಸ್ಪೈಕ್ ಒಂದೇ. ಸ್ಯಾಂಪಲ್‌ಗೆ 10 ಮೈಕ್ರೋಮೋಲಾರ್‌ನಷ್ಟು ಸ್ಟ್ಯಾಂಡರ್ಡ್ ಬೆರೆಸಿ ಕುದಿಸಿದಾಗ ಹಾಕಿದ್ದರಲ್ಲಿ 80ರಿಂದ 110 ಶೇಕಡದ ಒಳಗೆ ವಾಪಸ್ ಬಂದರೆ ಒಪ್ಪಬಹುದು. 50 ಬಂದರೆ ಆ ಸ್ಯಾಂಪಲ್‌ಗೆ ಕಿಟ್ ನಡೆಯುವುದಿಲ್ಲ. ಇಷ್ಟೆಲ್ಲ ಸೇರಿಸಿದರೆ ಕಿಟ್‌ನ ಬೆಲೆ ಏನಾಗುತ್ತದೆ ನೋಡಿ. ಸ್ಟ್ಯಾಂಡರ್ಡ್‌ಗೆ 16 ವೆಲ್ ಹೋದರೆ ಉಳಿಯುವುದು 80. ಎರಡೆರಡರಂತೆ 40 ಸ್ಯಾಂಪಲ್ ಎಂದು ಲೆಕ್ಕ ಕಟ್ಟುವುದು ಇದರಿಂದಲೇ. ಪ್ರತಿ ಸ್ಯಾಂಪಲ್‌ಗೆ ಎರಡು ಟಿಬಿಎ, ಎರಡು ಬ್ಲ್ಯಾಂಕ್, ಎರಡು ಸ್ಪೈಕ್ ಇಟ್ಟರೆ ಹಿಡಿಯುವುದು 13 ಸ್ಯಾಂಪಲ್. ಅಂದರೆ ಒಂದು ಸ್ಯಾಂಪಲ್‌ನ ಖರ್ಚು ನೀವು ಅಂದುಕೊಂಡದ್ದರ ಮೂರು ಪಟ್ಟು. ಬ್ಲ್ಯಾಂಕ್‌ಗೆ ಬೇಕಾದ ಟಿಬಿಎ ಇಲ್ಲದ ಆಸಿಡ್ ಮಿಶ್ರಣವನ್ನು ನೀವೇ ಮಾಡಿಕೊಳ್ಳಬೇಕು.

ಎಸ್‌ಡಿಎಸ್ ಕೊಡುವ ಕಾಟ ಬೇರೆ ಇದೆ. ಪೊಟ್ಯಾಸಿಯಂ ಇರುವ ಬಫರ್‌ನಲ್ಲಿ ಸ್ಯಾಂಪಲ್ ಅರೆದಿದ್ದರೆ ಬಿಳಿ ಗಸಿ ಕಟ್ಟುತ್ತದೆ. ಸೋಡಿಯಂ ಬಫರ್ ಬಳಸಿ. ಐಸಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಎಸ್‌ಡಿಎಸ್ ತಾನೇ ಮಂಜಿನಂತೆ ಗಟ್ಟಿಯಾಗುತ್ತದೆ, ಆ ಮಸುಕು 532ರಲ್ಲೂ 600ರಲ್ಲೂ ಓದನ್ನು ಏರಿಸುತ್ತದೆ. ಹತ್ತು ನಿಮಿಷಕ್ಕೆ ಐಸಿನಿಂದ ತೆಗೆದು, ಕೋಣೆಯ ಬಿಸಿಗೆ ಬಂದ ಮೇಲೆ ಓದಿ. ಸೆಂಟ್ರಿಫ್ಯೂಜನ್ನು 4 ಡಿಗ್ರಿಗೆ ಇಡಬೇಡಿ. ಮಸುಕು ಹೋಗಲೇ ಇಲ್ಲವಾದರೆ ಗುಲಾಬಿಯನ್ನು ಬ್ಯುಟನಾಲ್‌ಗೆ ಎಳೆದುಕೊಳ್ಳಬಹುದು. ಬ್ಯುಟನಾಲ್ ಜೊತೆ ಪಿರಿಡೀನ್ ಬೆರೆಸುವ ಹಳೆಯ ಕ್ರಮ ಅನುಸರಿಸುವುದಾದರೆ ಕಿಟ್‌ನ ಪಾಲಿಸ್ಟೈರೀನ್ ಪ್ಲೇಟಿಗೆ ಮಾತ್ರ ಹಾಕಬೇಡಿ, ಪ್ಲೇಟೇ ಕರಗಿ ಮಸುಕಾಗುತ್ತದೆ. ಗಾಜಿನ ಕ್ಯುವೆಟ್ ಬಳಸಿ.

ಕಡಲೆಕಾಯಿ ಎಣ್ಣೆಗೆ ಈ ಕಿಟ್ ಏಕೆ ಬೇಡ ಎಂಬುದಕ್ಕೆ ಅಡ್ಡಿಪಡಿಸುವ ವಸ್ತು ಕಾರಣವಲ್ಲ. ಎಂಡಿಎ ಮುಖ್ಯವಾಗಿ ಹುಟ್ಟುವುದು ಮೂರು ಅಥವಾ ಹೆಚ್ಚು ಜೋಡಿಬಂಧ ಇರುವ ಕೊಬ್ಬಿನಾಮ್ಲಗಳಿಂದ. ಮೀನಿನಲ್ಲಿ ಅವು ಧಾರಾಳ. ಕಡಲೆಕಾಯಿ ಎಣ್ಣೆಯಲ್ಲಿ ಇರುವುದು ಹೆಚ್ಚಾಗಿ ಒಲೆಯಿಕ್ ಮತ್ತು ಲಿನೋಲೆಯಿಕ್, ಅಂದರೆ ಒಂದು, ಎರಡು ಜೋಡಿಬಂಧದವು. ಎಣ್ಣೆ ಮೂಗು ಮುಚ್ಚುವಷ್ಟು ಕಮಟಾದರೂ ಗುಲಾಬಿ ತೆಳುವಾಗಿಯೇ ಇರುತ್ತದೆ. ಚಕ್ಕುಲಿ, ಕೋಡುಬಳೆಯ ಎಣ್ಣೆ ತೆಗೆದು ನೋಡುವವರು ಪ್ಯಾರಾ ಅನಿಸಿಡಿನ್ ಪರೀಕ್ಷೆಗೆ ಹೋಗುವುದು ಮೇಲು. ಅದು 350ರಲ್ಲಿ ಓದುವ ಪರೀಕ್ಷೆ. 0.25 ಶೇಕಡ ಅನಿಸಿಡಿನ್ ಅನ್ನು ಗ್ಲೇಶಿಯಲ್ ಅಸಿಟಿಕ್ ಆಸಿಡ್‌ನಲ್ಲಿ ಕರಗಿಸಿ, 5 ಮಿಲಿ ಎಣ್ಣೆ ದ್ರಾವಣಕ್ಕೆ 1 ಮಿಲಿ ಹಾಕಿ, ಹತ್ತು ನಿಮಿಷಕ್ಕೆ ಸರಿಯಾಗಿ ಓದಬೇಕು. ಅಲ್ಲೂ ಅಡ್ಡಿ ಇದೆ: ಲಿಂಬೆ ಪರಿಮಳದ ಸಿಟ್ರಾಲ್, ವೆನಿಲಿನ್ ಎರಡೂ ಆಲ್ಡಿಹೈಡ್‌ಗಳೇ, ಸುವಾಸನೆ ಹಾಕಿದ ಮೀನೆಣ್ಣೆ ಒಳ್ಳೆಯದಿದ್ದರೂ ಕೆಟ್ಟದ್ದೆಂದು ಬರುತ್ತದೆ. ನೀರಿನ ಪಸೆ ಇದ್ದರೆ ಕ್ರಿಯೆಯೇ ಪೂರ್ತಿಯಾಗುವುದಿಲ್ಲ. ಅನಿಸಿಡಿನ್ ವಿಷಕಾರಿ, ಕೈಗವಸು ಮತ್ತು ಫ್ಯೂಮ್ ಹುಡ್ ಬಿಟ್ಟು ಮುಟ್ಟಬೇಡಿ.

ಇದೇ ಕಿಟ್‌ಗೆ ಜೋಡಿಯಾಗಿ ಕ್ಸೈಲಿನಾಲ್ ಆರೆಂಜ್ ಬಣ್ಣದ ಪೆರಾಕ್ಸೈಡ್ ಕಿಟ್ ಮಾರುವುದುಂಟು. ಎರಡನ್ನೂ ಒಟ್ಟಿಗೆ ಕೊಳ್ಳುವವರು ಒಂದು ಮಾತು ನೆನಪಿಡಿ: ಟಿಬಿಎಗೆ ಅಂತ ಇಡಿಟಿಎ ಹಾಕಿ ಅರೆದ ಸ್ಯಾಂಪಲನ್ನು ಅದಕ್ಕೆ ಹಾಕಬಾರದು. ಆ ಪರೀಕ್ಷೆ ನಡೆಯುವುದೇ ಕಬ್ಬಿಣದ ಮೇಲೆ, ಇಡಿಟಿಎ ಕಬ್ಬಿಣವನ್ನು ಕಟ್ಟಿಹಾಕಿದರೆ ಬಣ್ಣವೇ ಬರುವುದಿಲ್ಲ. ಸ್ಯಾಂಪಲ್‌ನಲ್ಲೇ ಕಬ್ಬಿಣ ಇದ್ದರೆ ಪೆರಾಕ್ಸೈಡ್ ಇಲ್ಲದೆಯೂ ಬಣ್ಣ ಬರುತ್ತದೆ. ಅಲ್ಲಿ ಟ್ರೈಫೀನೈಲ್‌ಫಾಸ್ಫೀನ್ ಹಾಕಿ ಅರ್ಧ ಗಂಟೆ ಬಿಟ್ಟ ಬ್ಲ್ಯಾಂಕ್ ಬೇಕು. ಅದು ಪೆರಾಕ್ಸೈಡನ್ನು ಮಾತ್ರ ತಿಂದುಹಾಕುತ್ತದೆ, ಆಮೇಲೂ ಉಳಿದ ಬಣ್ಣ ಅಡ್ಡಿಯದ್ದು.

ಕಿಟ್‌ನ ಸ್ಟ್ಯಾಂಡರ್ಡ್ ಬಾಟಲಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಪರೀಕ್ಷಿಸಲು ಟೆಟ್ರಾಮೆಥಾಕ್ಸಿಪ್ರೊಪೇನ್ 16.4 ಮೈಕ್ರೋಲೀಟರನ್ನು 100 ಮಿಲಿ 1 ಶೇಕಡ ಸಲ್ಫ್ಯೂರಿಕ್ ಆಸಿಡ್‌ಗೆ ಹಾಕಿ, ಎರಡು ಗಂಟೆ ಕೋಣೆಯ ಬಿಸಿಯಲ್ಲಿ ಬಿಟ್ಟರೆ ಸುಮಾರು 1 ಮಿಲಿಮೋಲಾರ್ ಎಂಡಿಎ ಸಿಗುತ್ತದೆ. ಅದೇ ಆಸಿಡ್‌ನಲ್ಲಿ 20 ಪಟ್ಟು ತೆಳುಮಾಡಿ, ಕ್ವಾರ್ಟ್ಜ್ ಕ್ಯುವೆಟ್‌ನಲ್ಲಿ 245ರಲ್ಲಿ ಓದಿದರೆ 0.685ರ ಹತ್ತಿರ ಬರಬೇಕು. ಬಂದರೆ ಅದರಿಂದ ಒಂದು ಗೆರೆ ಹಾಕಿ, ಕಿಟ್‌ನ ಸ್ಟ್ಯಾಂಡರ್ಡ್ ಗೆರೆ ಅದರ ಮೇಲೆ ಕೂರುತ್ತದೆಯೇ ನೋಡಿ.

ಇಷ್ಟು ಮಾಡುವ ಕೈ ಇದ್ದರೆ ಕಿಟ್ ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. 7.5 ಶೇಕಡ ಟಿಸಿಎ, ಅದರಲ್ಲಿ 0.1 ಶೇಕಡ ಇಡಿಟಿಎ ಮತ್ತು 0.1 ಶೇಕಡ ಪ್ರೊಪೈಲ್ ಗ್ಯಾಲೇಟ್ (ಬಿಎಚ್‌ಟಿಯಂತೆ ಕೊಬ್ಬು ಕೆಡದಂತೆ ತಡೆಯುವಂಥದ್ದು). 5 ಗ್ರಾಂ ಮೀನನ್ನು 20 ಮಿಲಿಯಲ್ಲಿ ಅರೆದು ಸೋಸಿ, 5 ಮಿಲಿಗೆ 5 ಮಿಲಿ 0.02 ಮೋಲಾರ್ ಟಿಬಿಎ (100 ಮಿಲಿಗೆ 0.288 ಗ್ರಾಂ, ಸ್ವಲ್ಪ ಬಿಸಿಮಾಡಿದರೆ ಕರಗುತ್ತದೆ) ಸೇರಿಸಿ 40 ನಿಮಿಷ ಕುದಿಸಿದರೆ ಆಯಿತು. ಸ್ಯಾಂಪಲ್ 42 ಪಟ್ಟಿನ ಬದಲು ಎರಡೇ ಪಟ್ಟು ತೆಳುವಾಗುತ್ತದೆ, ಬಣ್ಣದ ಮಸಾಲೆ ಹಿಂದೆ ಉಳಿಯುತ್ತದೆ, ಖರ್ಚು ಕಿಟ್‌ಗಿಂತ ಬಹಳ ಕಮ್ಮಿ. ಸ್ಟ್ಯಾಂಡರ್ಡನ್ನೂ ಟಿಸಿಎಯಲ್ಲೇ ಮಾಡಿ. ಕಿಟ್‌ಗೆ ನಾವು ಕೊಡುವುದು ಐದಕ್ಕೆ ಎರಡೂವರೆ, ಅದೂ ಸ್ಯಾಂಪಲ್ 100 ಮೈಕ್ರೋಲೀಟರ್ ಮಾತ್ರ ಇರುವ ಪ್ಲಾಸ್ಮಾ, ಕೋಶಗಳಂಥ ಕೆಲಸಕ್ಕೆ ಬೇರೆ ದಾರಿ ಕಮ್ಮಿ ಎಂಬ ಕಾರಣಕ್ಕೆ. ಅಲ್ಲೂ ಕೊಳ್ಳುವ ಮುನ್ನ ಫ್ಲೋರೆಸೆನ್ಸ್ ಯಂತ್ರಕ್ಕೆ ಸರಿಹೊಂದುವ ಕಪ್ಪು ಪ್ಲೇಟ್ ಕೊಡುತ್ತಾರೆಯೇ ಎಂದು ಕೇಳಿಕೊಳ್ಳಿ. ಪಾರದರ್ಶಕ ಪ್ಲೇಟೇ ಬಂದರೆ ಕಪ್ಪು ಪ್ಲೇಟನ್ನು ಬೇರೆಯಾಗಿ ತರಿಸಬೇಕಾಗುತ್ತದೆ.